ತಾಲೂಕು ದವಾಖಾನೆಗೆ 8 ಮೆಗಾಹರ್ಟ್ಸ್ ಪಾಕೆಟ್ ಡಾಪ್ಲರ್: ಕೊಳ್ಳಲೇಬೇಕು, ಆದರೆ ಓದಲು ಕಲಿತು

ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ದವಾಖಾನೆಗಳಿಗೆ "ರಾತ್ರಿ ಕಾಲ ಭಾಳ ಉರಿತಾವ್ರೀ, ಮಂಚದಿಂದ ಕೆಳಗ ಇಳಿಬಿಟ್ರ ಒಂದೀಟು ಆರಾಮ ಅನಸ್ತದ" ಎನ್ನುತ್ತ ಬರುವ ಹಿರಿಯರಿದ್ದಾರೆ. ಎಷ್ಟೋ ಮಂದಿಗೆ ವಾಯು, ನರದ ತೊಂದರೆ ಎಂದು ವಿಟಮಿನ್ ಗುಳಿಗೆ ಕೊಟ್ಟು ಕಳಿಸಲಾಗುತ್ತದೆ. ಕಾಲಿಗೆ ರಕ್ತವೇ ಇಳಿಯುತ್ತಿಲ್ಲ ಎಂಬುದನ್ನು ನಾಳದಲ್ಲಿ ರಕ್ತ ಹರಿಯುವ ಸದ್ದು ಕೇಳಿಸುವ ಅಂಗೈಯಗಲದ ಈ ಪಾಕೆಟ್ ಡಾಪ್ಲರ್ ಯಂತ್ರ ಕಾಲು ಗಂಟೆಯೊಳಗೆ ತೋರಿಸಿಕೊಡುತ್ತದೆ.

ಕೊಳ್ಳುವಾಗ ಆಗುವ ದೊಡ್ಡ ತಪ್ಪು, 2 ಅಥವಾ 3 ಮೆಗಾಹರ್ಟ್ಸ್ ಪ್ರೋಬ್ (ಚರ್ಮಕ್ಕೆ ತಾಗಿಸುವ ಕಡ್ಡಿ) ತರುವುದು. ಅದು ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳಲು. ಪಾದದ ನಾಳ ಚರ್ಮದ ಕೆಳಗೇ ಇರುತ್ತದೆ, ಅದಕ್ಕೆ 8 ಮೆಗಾಹರ್ಟ್ಸ್ ಬೇಕು. ಜೊತೆಗೆ ಬಿ.ಪಿ. ಕಫ್ (ಗಾಳಿ ತುಂಬುವ ಪಟ್ಟಿ), ಅಲ್ಟ್ರಾಸೌಂಡ್ ಜೆಲ್ ಸಾಕು. ಪ್ರೋಬಿನ ತುದಿಯಲ್ಲಿ ಜೆಲ್ ಒಣಗಲು ಬಿಡಬೇಡಿ, ಪ್ರತಿಸಲ ಮೆತ್ತನೆ ಬಟ್ಟೆಯಿಂದ ಒರೆಸಿ.

ರೋಗಿಯನ್ನು 10 ನಿಮಿಷ ಅಂಗಾತ ಮಲಗಿಸಿ. ಕೂತಲ್ಲೇ ನೋಡಿದರೆ ಪಾದದ ಒತ್ತಡ ಸುಳ್ಳೇ ಹೆಚ್ಚು ಬರುತ್ತದೆ. ಕಫ್ ಹರಡಿನ (ಕಾಲಿನ ಗೆಣ್ಣಿನ) ಸ್ವಲ್ಪ ಮೇಲೆ ಇರಲಿ. ಹುಣ್ಣಿದ್ದರೆ ಅದರ ಮೇಲೆ ಕಟ್ಟಬೇಡಿ. ಪಾದದ ಮೇಲ್ಭಾಗದಲ್ಲೊಮ್ಮೆ, ಒಳಹರಡಿನ ಹಿಂದೊಮ್ಮೆ ಪ್ರೋಬನ್ನು 45ರಿಂದ 60 ಡಿಗ್ರಿ ಓರೆಯಾಗಿ ಹಿಡಿದು ಸದ್ದು ಹುಡುಕಿ. ಪ್ರೋಬನ್ನು ಒತ್ತಿದರೆ ಸೊರಗಿದ ನಾಳ ಮುಚ್ಚಿಕೊಂಡು ಸದ್ದೇ ಇಲ್ಲವೆನ್ನಿಸುತ್ತದೆ, ಹೊಸಬರು ಎಡವುವುದು ಇಲ್ಲೇ. ಕಫ್‌ಗೆ ಗಾಳಿ ಹಾಕುತ್ತ ಸದ್ದು ನಿಂತ ಮೇಲೆ ಇನ್ನೂ 20 ಮಿ.ಮೀ. ಏರಿಸಿ, ನಿಧಾನ ಬಿಡಿ. ಸದ್ದು ಮರಳಿದ ಅಂಕಿಯೇ ಒತ್ತಡ. ಒಂದೇ ಪಾದದ ಈ ಎರಡು ಜಾಗದ ಅಂಕಿಗಳಲ್ಲಿ ದೊಡ್ಡದನ್ನು, ಎರಡು ತೋಳುಗಳ ಪೈಕಿ ದೊಡ್ಡ ಅಂಕಿಯಿಂದ ಭಾಗಿಸಿ. ಹರಡಿನಲ್ಲಿ 60, ತೋಳಿನಲ್ಲಿ 150 ಇದ್ದರೆ 0.4 ಬಂತು. 0.9 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಲಿನ ರಕ್ತನಾಳ ಕಟ್ಟುವ ರೋಗವಿದೆ. 0.4ಕ್ಕೆ ಇಳಿದರೆ ತೀವ್ರ.

ಯಂತ್ರದ ದೊಡ್ಡ ಮಿತಿ ಸಕ್ಕರೆ ಕಾಯಿಲೆಯವರಲ್ಲಿ ಕಾಣುತ್ತದೆ. ನಾಳದ ಗೋಡೆಗೆ ಸುಣ್ಣ ಕಟ್ಟಿ ಕಫ್ ಎಷ್ಟು ಬಿಗಿದರೂ ಅದು ಮುಚ್ಚುವುದಿಲ್ಲ. ಹೆಬ್ಬೆರಳು ಕಪ್ಪಾಗುತ್ತಿದ್ದರೂ ಭಾಗಿಸಿ ಬಂದ ಅಂಕಿ 1.4 ದಾಟಿರಬಹುದು. ಆಗ ಕಿವಿಯನ್ನು ನಂಬಿ: ಆರೋಗ್ಯವಂತ ನಾಳದ ಸದ್ದು ಎರಡು ಮೂರು ತುಂಡಾಗಿ ಚುರುಕಾಗಿ ಬರುತ್ತದೆ, ಕಟ್ಟಿದ ನಾಳದ್ದು ಒಂದೇ ಎಳೆಯ ಮಂದ "ಹುಸ್". ಇಂಥವರಿಗೆ ಕಾಲ್ಬೆರಳಿನ ಒತ್ತಡ ನೋಡಿಸಲೇಬೇಕು, ಅದಕ್ಕೆ ಸಣ್ಣ ಬೆರಳು ಕಫ್ ಬೇರೆಯೇ ಇದೆ. ಒತ್ತಡ ಹರಡಿನಲ್ಲಿ 50ಕ್ಕಿಂತ ಅಥವಾ ಬೆರಳಲ್ಲಿ 30ಕ್ಕಿಂತ ಕಡಿಮೆಯಿದ್ದು, ಎರಡು ವಾರ ಮೀರಿದ ರಾತ್ರಿ ನೋವೋ ಹುಣ್ಣೋ ಕರಿಬಣ್ಣವೋ ಇದ್ದರೆ ಕಾಲು ಅಪಾಯದಲ್ಲಿದೆ. ಗುಳಿಗೆಯ ಮೇಲೆ ಕಾಯಿಸುವ ಹಂತವಲ್ಲ ಅದು.

ಅಲ್ಲಿಂದ ಮುಂದಿನದು ರಕ್ತನಾಳ ತಜ್ಞರ ಕೆಲಸ: ನಾಳದ ಚಿತ್ರ ತೋರಿಸುವ ಡಾಪ್ಲರ್ ಸ್ಕ್ಯಾನ್, ಬೇಕಾದರೆ ಸಿ.ಟಿ. ಆಂಜಿಯೋಗ್ರಾಂ (ಬಣ್ಣದ ಔಷಧ ಹಾಕಿ ತೆಗೆಯುವ ನಾಳದ ಚಿತ್ರ), ಬಳಿಕ ಬಲೂನ್ ಹಾಕಿ ನಾಳ ಬಿಡಿಸುವುದು ಇಲ್ಲವೇ ರೋಗಿಯದೇ ಕಾಲಿನ ಶಿರೆಯಿಂದ ಬೈಪಾಸ್. ಕಾಲಿಗೆ ರಕ್ತ ಹರಿಯುವಂತೆ ಮಾಡುವ ಮೊದಲೇ ಒಣಗಿದ ಕಪ್ಪು ಬೆರಳನ್ನು ದವಾಖಾನೆಯಲ್ಲಿ ಕತ್ತರಿಸಿದರೆ ಗಾಯ ಮಾಯುವುದಿಲ್ಲ, ಮೇಲಕ್ಕೇರುತ್ತದೆ. ಮನೆಯವರಿಗೂ ಬಿಡಿಸಿ ಹೇಳಿ. ತಣ್ಣಗಿದೆಯೆಂದು ಬಿಸಿ ಇಟ್ಟಿಗೆ, ಬಿಸಿನೀರ ಚೀಲದ ಕಾವು ಕೊಡಬಾರದು, ಸುಟ್ಟದ್ದೂ ತಿಳಿಯದು. ಬಾವೆಂದು ಕ್ರೇಪ್ ಬ್ಯಾಂಡೇಜ್ ಬಿಗಿಯಬಾರದು. ಬೀಡಿ, ತಂಬಾಕು ಅಂದೇ ನಿಲ್ಲಬೇಕು. ಇದ್ದಕ್ಕಿದ್ದಂತೆ ಕಾಲು ತಣ್ಣಗಾಗಿ, ಬಿಳಿಚಿ, ಬೆರಳು ಆಡದಿದ್ದರೆ ಅಳೆಯುತ್ತ ಕೂರಬೇಡಿ. ಕೈಯಲ್ಲಿರುವುದು ಕೆಲವೇ ಗಂಟೆ, ತಕ್ಷಣ ಗಾಡಿ ಹತ್ತಿಸಿ.

ಉಳಿದವರನ್ನು ವಿಜಯಪುರಕ್ಕೋ ಬೆಳಗಾವಿಗೋ ಕಳಿಸುವಾಗ ಚೀಟಿಯಲ್ಲಿ ಎರಡೂ ಕಾಲಿನ ಅಂಕಿ, ಸದ್ದಿನ ಬಗೆ, ಸಕ್ಕರೆ, ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರುವ ರಕ್ತಪರೀಕ್ಷೆಯ ಅಂಕಿ) ಬರೆಯಿರಿ. ಆಂಜಿಯೋಗ್ರಾಂನ ಬಣ್ಣದ ಔಷಧ ಕಿಡ್ನಿಗೆ ಭಾರವಾಗಬಹುದು, ಕ್ರಿಯಾಟಿನಿನ್ ಗೊತ್ತಿಲ್ಲದೆ ಅಲ್ಲಿ ಒಂದು ದಿನ ಸುಮ್ಮನೆ ಹೋಗುತ್ತದೆ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ, ರೇಷನ್ ಕಾರ್ಡು ಮತ್ತು ಆಧಾರ್ ಜೊತೆಗೇ ಒಯ್ಯಲು ಹೇಳಿ.