ಹಳೆಯ ದುಂಡು ಲಾಂಛನ: ಟ್ರೇಸ್ ಹೊಡೆದದ್ದು, ಕೈಯಲ್ಲಿ ಎಳೆದದ್ದು

ನಮ್ಮಪ್ಪ ದುಡಿದ ಹತ್ತಿ ಗಿರಣಿಯ ಕಾರ್ಮಿಕರು ಕಟ್ಟಿಕೊಂಡ ಸಹಕಾರ ಸಂಘವೊಂದಿದೆ. ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಸಂಘ ಮಾತ್ರ ದಾವಣಗೆರೆಯ ಹಳೇ ಪೇಟೆಯಲ್ಲಿ ಒಂದೇ ಕೋಣೆಯಲ್ಲಿ ಇನ್ನೂ ನಡೆಯುತ್ತಿದೆ. ಈ ಸಲ ನಾಲ್ಕು ಅಡಿ ಅಗಲದ ಹೊಸ ಬೋರ್ಡು ಹಾಕಿಸಲು ಹೊರಟಾಗ ಬೋರ್ಡಿನವರು ಕೇಳಿದ ಮೊದಲ ಮಾತು, ‘ಲೋಗೋದ ಫೈಲ್ ಕೊಡಿ’. ಸಂಘದಲ್ಲಿ ಇದ್ದದ್ದು ಲೆಟರ್‌ಹೆಡ್ಡಿನ ಮೂಲೆಯಲ್ಲಿ ಅಚ್ಚಾದ 28 ಮಿಲಿಮೀಟರಿನ ದುಂಡು ಚಿತ್ರ ಅಷ್ಟೆ. ಯಾರೋ ಬೋರ್ಡು ಬರೆಯುವ ಕಲಾವಿದ ಕೈಯಲ್ಲಿ ಬರೆದದ್ದು, ಅದರಿಂದ ಸತುವಿನ ಬ್ಲಾಕ್ ಮಾಡಿಸಿ ಮೊಳೆ ಜೋಡಿಸುವ ಪ್ರೆಸ್ಸಿನಲ್ಲಿ ಹೊಡೆಸಿದ್ದು. ಮೂಲ ಚಿತ್ರವೂ ಇಲ್ಲ, ಬ್ಲಾಕೂ ಇಲ್ಲ.

ಚಿತ್ರ ಹೀಗಿದೆ. ಹೊರಗೆ ಜೋಡಿ ಗೆರೆಯ ವೃತ್ತ, ಅದರೊಳಗೆ ಸುತ್ತ ಅಕ್ಷರ, ನಡುವೆ ಹಲ್ಲಿನ ಚಕ್ರ, ಚಕ್ರದೊಳಗೆ ಅರಳಿದ ಹತ್ತಿಕಾಯಿ. ಕೆಳಗಿನ ಕಮಾನಿನಲ್ಲಿ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ, ಹಾಗಾಗಿ ಚಿತ್ರ ಅದಕ್ಕಿಂತ ಹಳೆಯದು ಅನ್ನುವುದು ಆ ಸಾಲಿನಿಂದಲೇ ಗೊತ್ತಾಗುತ್ತದೆ.

ಇದನ್ನು ವೆಕ್ಟರ್ ಮಾಡಲು, ಅಂದರೆ ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಗಳ ಫೈಲ್ ಮಾಡಲು, ಎಷ್ಟು ದಾರಿಗಳಿವೆಯೋ ಅಷ್ಟನ್ನೂ ಒಂದೊಂದಾಗಿ ಮಾಡಿ ನೋಡಿದೆ. ಹೋಲಿಕೆಗೆ ಮೊದಲು ಸ್ಕ್ಯಾನಿನ ವಿಷಯ. 1200 ಡಿಪಿಐನಲ್ಲಿ (ಒಂದು ಇಂಚಿಗೆ 1200 ಚುಕ್ಕೆ) ಸ್ಕ್ಯಾನ್ ಮಾಡಿದರೆ 28 ಮಿಲಿಮೀಟರಿಗೆ ಸುಮಾರು 1,320 ಪಿಕ್ಸೆಲ್ ಸಿಗುತ್ತದೆ. ಮೊಬೈಲಿನಲ್ಲಿ ಫೋಟೋ ಹೊಡೆದರೆ ವೃತ್ತ ಓರೆಯಾಗುತ್ತದೆ, ಅದು ಬೇಡವೇ ಬೇಡ. ಒಂದೇ ಪ್ರತಿಯನ್ನು ನಂಬುವುದೂ ಸರಿಯಲ್ಲ. ಹಳೇ ಲೆಟರ್‌ಹೆಡ್, ರಸೀದಿ ಪುಸ್ತಕ, ವಾರ್ಷಿಕ ವರದಿಯ ರಕ್ಷಾಪುಟ ಹೀಗೆ ಮೂರು ಕಡೆಯ ಅಚ್ಚು ಹುಡುಕಿ ತಂದು, ಮೂರನ್ನೂ ಸ್ಕ್ಯಾನ್ ಮಾಡಿ ಒಂದರ ಮೇಲೊಂದು ಕೂರಿಸಿ ನೋಡಿದೆ. ಮೂರರಲ್ಲೂ ಇರುವುದು ಕಲಾವಿದನ ಕೈ. ಒಂದರಲ್ಲಿ ಮಾತ್ರ ಇರುವುದು ಶಾಯಿ, ಕಾಗದ ಅಥವಾ ಸವೆದ ಬ್ಲಾಕಿನ ಕೆಲಸ. ಬಲಗಡೆ ಹೊರವೃತ್ತ ಒಂದು ಕಡೆ ತಗ್ಗಿದೆ, ಅದು ರಸೀದಿ ಪುಸ್ತಕದಲ್ಲಿ ಮಾತ್ರ ಕಂಡಿತು. ಅಂದರೆ ಬ್ಲಾಕಿಗೆ ಆಮೇಲೆ ಪೆಟ್ಟು ಬಿದ್ದಿದೆ. ಮುಂದಿನ ಎಲ್ಲ ದಾರಿಗಳನ್ನೂ ನಾನು ಈ ಅಳತೆಗೋಲಿನಿಂದಲೇ ತೂಗಿದ್ದು.

ಮೊದಲು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ, ಚಿತ್ರದ ಅಂಚನ್ನು ತಾನೇ ಹಿಡಿದು ಗೆರೆ ಎಳೆಯುವ ಅದರ ‘ಟ್ರೇಸ್ ಬಿಟ್‌ಮ್ಯಾಪ್’ ಒಳಗೆ ಕೆಲಸ ಮಾಡುವುದು ಪೋಟ್ರೇಸ್, ಪೀಟರ್ ಸೆಲಿಂಗರ್ ಎಂಬ ಗಣಿತಜ್ಞರು 2001ರಿಂದ ಕಟ್ಟುತ್ತ ಬಂದ ಪ್ರೋಗ್ರಾಂ. ಅದಕ್ಕೆ ಗೊತ್ತಿರುವುದು ಎರಡೇ, ಕಪ್ಪು ಮತ್ತು ಬಿಳಿ. ಎಷ್ಟು ಕಪ್ಪಿದ್ದರೆ ಕಪ್ಪೆಂದು ಹಿಡಿಯಬೇಕು ಎಂದು ಹೇಳುವ ಬ್ರೈಟ್‌ನೆಸ್ ಕಟಾಫ್ 0.45 ಇಟ್ಟಾಗ ಹತ್ತಿಕಾಯಿಯ ಎಲೆಯ ಸಣ್ಣ ನರಗಳು ತುಂಡಾದವು. 0.60ಕ್ಕೆ ಏರಿಸಿದರೆ ನರ ಕೂಡಿಕೊಂಡವು, ಆದರೆ ‘ಸಂಘ’ದ ಸೊನ್ನೆಯ ಒಳಗಿನ ತೂತು ಮುಚ್ಚಿ ಗುಂಡು ಚುಕ್ಕೆಯಾಯಿತು. ಅಚ್ಚಿನಲ್ಲಿ ಆ ತೂತು ಕಾಲು ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಬ್ಲಾಕು ಒತ್ತಿದಾಗ ಶಾಯಿ ಅಂಚಿನಿಂದ ಹೊರಗೆ ಹಿಂಡಿಕೊಂಡಿರುತ್ತದೆ, ಪೋಟ್ರೇಸ್ ಅದನ್ನೂ ಗೆರೆ ಎಂದೇ ಲೆಕ್ಕ ಹಿಡಿಯುತ್ತದೆ. ಚಿತ್ರವನ್ನು ದುಪ್ಪಟ್ಟು ದೊಡ್ಡದು ಮಾಡಿ, ಎರಡು ಪಿಕ್ಸೆಲ್ ಬ್ಲರ್ ಕೊಟ್ಟು ಆಮೇಲೆ ಟ್ರೇಸ್ ಹೊಡೆದಾಗ ಅಂಚು ಎಷ್ಟೋ ನಯವಾಯಿತು. ಆದರೂ ಒಟ್ಟು 1,400ಕ್ಕೂ ಹೆಚ್ಚು ನೋಡ್ (ಗೆರೆಯ ತುಂಡುಗಳು ಸೇರುವ ಬಿಂದು), ಹೊರವೃತ್ತಕ್ಕೇ ತೊಂಬತ್ತರ ಮೇಲೆ. ಹಾಳೆಯ ಮೇಲೆ ಚೆಂದ ಕಾಣುತ್ತದೆ. ನಾಲ್ಕು ಅಡಿಗೆ ಹಿಗ್ಗಿಸಿದರೆ 43 ಪಟ್ಟು, ಅಚ್ಚಿನಲ್ಲಿದ್ದ 0.1 ಮಿಲಿಮೀಟರಿನ ಅಂಕುಡೊಂಕು ಬೋರ್ಡಿನಲ್ಲಿ 4 ಮಿಲಿಮೀಟರ್ ಮೀರುತ್ತದೆ.

ನಮ್ಮೂರಿನ ಡಿಟಿಪಿ ಅಂಗಡಿಗಳಲ್ಲಿ ಕೋರೆಲ್‌ಡ್ರಾ ಅಂದರೆ ಮನೆಮಾತು, ಹಾಗಾಗಿ ಎರಡನೆಯದು ಅದರ ಪವರ್‌ಟ್ರೇಸ್. ಔಟ್‌ಲೈನ್ ಟ್ರೇಸ್‌ನಲ್ಲಿ ನೋಡ್ ಎಷ್ಟಾಯಿತೆಂದು ಕಣ್ಣೆದುರೇ ತೋರಿಸುತ್ತದೆ, ಅದು ಬಹಳ ಉಪಯೋಗ. ಸ್ಮೂತಿಂಗ್ ಎಳೆಯುತ್ತ ಹೋಗಿ 600ರ ಆಸುಪಾಸಿಗೆ ತಂದೆ. ನೋಡ್ ಇಳಿಯಿತು, ಜೊತೆಗೆ ಚಕ್ರದ ಹಲ್ಲುಗಳ ಮೂಲೆಗಳೂ ದುಂಡಗಾಗಿ ಹಲ್ಲು ಸವೆದ ಚಕ್ರದ ಹಾಗಾಯಿತು. ಇನ್ನೊಂದು ಬಗೆ ಸೆಂಟರ್‌ಲೈನ್ ಟ್ರೇಸ್, ಗೆರೆಯ ನಡುವನ್ನು ಹಿಡಿದು ಒಂದೇ ಎಳೆ ಕೊಡುತ್ತದೆ. ಎಲೆಯ ನರಗಳಿಗೆ ಇದಕ್ಕಿಂತ ಒಳ್ಳೆಯದು ಕಾಣಲಿಲ್ಲ, ಕೊನೆಯ ಫೈಲಿನಲ್ಲೂ ಆ ನರಗಳನ್ನೇ ಇಟ್ಟುಕೊಂಡೆ. ಅಕ್ಷರಕ್ಕೆ ಮಾತ್ರ ಆಗದು. ಬ್ರಷ್ಷಿನಲ್ಲಿ ಬರೆದ ಅಕ್ಷರದಲ್ಲಿ ದಪ್ಪ ತೆಳುವೇ ಜೀವ, ನಡುಗೆರೆ ಹಿಡಿದರೆ ಅದು ಹೋಗುತ್ತದೆ.

ಇಲಸ್ಟ್ರೇಟರಿನ ಇಮೇಜ್ ಟ್ರೇಸ್ ಅನ್ನು ಗೆಳೆಯರೊಬ್ಬರ ಪ್ರೆಸ್ಸಿನಲ್ಲಿ ನೋಡಿದೆ. ಮೂಲೆಗಳನ್ನು ಕೋರೆಲ್‌ಗಿಂತ ಚೂಪಾಗಿ ಹಿಡಿಯಿತು, ಸೊನ್ನೆಯ ಪಾಡು ಅಲ್ಲೂ ಅದೇ. ಇದಕ್ಕಾಗಿಯೇ ತಿಂಗಳ ಬಾಡಿಗೆ ಕಟ್ಟುವಷ್ಟು ವ್ಯತ್ಯಾಸ ನನಗೆ ಕಾಣಲಿಲ್ಲ. ಎಐ ಆ್ಯಪ್ ಒಂದರಲ್ಲಿ ಚಿತ್ರ ದೊಡ್ಡದು ಮಾಡಿಸಿದಾಗ ಹತ್ತಿಕಾಯಿ ಥಳಥಳ ಅಂದಿತು, ಅಕ್ಷರಗಳು ಯಾವ ಭಾಷೆಯವೂ ಆಗಿ ಉಳಿಯಲಿಲ್ಲ. ಕನ್ನಡವಿರುವ ಲಾಂಛನವನ್ನು ಅದಕ್ಕೆ ಕೊಡಲೇಬೇಡಿ.

ಇನ್ನು ‘ಅಕ್ಷರ ಯಾಕೆ ಟ್ರೇಸ್ ಮಾಡ್ತೀರಿ, ಫಾಂಟ್ ಹಾಕಿ ವೃತ್ತಕ್ಕೆ ಬಾಗಿಸಿ’ ಎಂದವರಿದ್ದರು. ಅದನ್ನೂ ಮಾಡಿದೆ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡಿಗೆ ಮುಂಚಿನ ಆಸ್ಕಿ ಫಾಂಟುಗಳಲ್ಲಿ ಅಕ್ಷರಕ್ಕೊಂದು, ಒತ್ತಿಗೊಂದು ತುಣುಕು ಬೇರೆಬೇರೆ ಇರುತ್ತದೆ. ವೃತ್ತದ ಮೇಲೆ ಕೂರಿಸಿದಾಗ ಪ್ರತಿ ತುಣುಕೂ ತನ್ನ ಪಾಡಿಗೆ ತಾನು ತಿರುಗುತ್ತದೆ, ‘ಜಿಲ್ಲೆ’ಯ ಲ ಒತ್ತು ತನ್ನ ಅಕ್ಷರ ಬಿಟ್ಟು ಪಕ್ಕಕ್ಕೆ ಸರಿದು ನಿಂತಿತು. ಯೂನಿಕೋಡಿನಲ್ಲಿ ‘ನೋಟೋ’, ‘ಬಾಲೂ ತಮ್ಮ’ ಎಂಬ ಎರಡು ಫಾಂಟನ್ನೂ ಹಾಕಿ ನೋಡಿದೆ. ಒಳ್ಳೆಯ ಫಾಂಟುಗಳೇ, ಓದಲು ಸೊಗಸು. ಆದರೆ ಸಂಘದವರಿಗೆ ಗುರುತು ಸಿಕ್ಕಬೇಕಾದದ್ದು ಆ ಕಲಾವಿದನ ಅಕ್ಷರ, ಅದು ಯಾವ ಫಾಂಟಿನಲ್ಲೂ ಇಲ್ಲ.

ಉಳಿದದ್ದು ಪೆನ್ ಟೂಲ್. ಸ್ಕ್ಯಾನನ್ನು ಕೆಳಗಿನ ಲೇಯರಿನಲ್ಲಿ ಮಸುಕಾಗಿಟ್ಟು ಮೇಲೆ ಕೈಯಾರೆ ಎಳೆಯುವುದು, ಮೂರು ಸಂಜೆ ಹಿಡಿಯಿತು. ವೃತ್ತಗಳು ಐದು ನಿಮಿಷದ ಕೆಲಸ. ನಾಲ್ಕು ನೋಡಿನ ಬೆಝಿಯರ್ ವೃತ್ತ (ವೆಕ್ಟರ್ ಸಾಫ್ಟ್‌ವೇರ್ ಬಾಗುಗೆರೆಗಳಿಂದ ಕಟ್ಟುವ ವೃತ್ತ) ನಿಜವಾದ ವೃತ್ತಕ್ಕಿಂತ 0.03 ಶೇಕಡಾದಷ್ಟೂ ಆಚೀಚೆ ಹೋಗುವುದಿಲ್ಲ, ನಾಲ್ಕು ಅಡಿ ಬೋರ್ಡಿನಲ್ಲಿ ಅದು 0.2 ಮಿಲಿಮೀಟರಿಗೂ ಕಡಿಮೆ. ಮೂಲದಲ್ಲೂ ಕೈವಾರ ಹಿಡಿದೇ ಎಳೆದಿರುತ್ತಾರೆ, ಅಂಕುಡೊಂಕು ಶಾಯಿಯದು, ಆದ್ದರಿಂದ ವೃತ್ತವನ್ನು ಶುದ್ಧ ಮಾಡಿದ್ದರಲ್ಲಿ ನನಗೆ ಅಳುಕಿಲ್ಲ.

ಸಮಯ ಹೋದದ್ದು ಅಕ್ಷರಕ್ಕೆ, ಅದು ಹೋಗಬೇಕಾದದ್ದೂ ಅಲ್ಲಿಗೇ. ಮೇಲಿನ ಕಮಾನಿನಲ್ಲಿ ಅಕ್ಷರದ ಬುಡ ಕೇಂದ್ರದ ಕಡೆಗಿರುತ್ತದೆ. ಈ ಅಚ್ಚಿನಲ್ಲಿ ಅಕ್ಷರದ ತಲೆ 13.2 ಮಿಲಿಮೀಟರ್ ತ್ರಿಜ್ಯದಲ್ಲಿ, ಬುಡ 10.8ರಲ್ಲಿ. ಅಂದರೆ ತಲೆಗೆ ನೂರು ಪಾಲು ಜಾಗವಿದ್ದರೆ ಬುಡಕ್ಕೆ 82. ಒತ್ತಕ್ಷರಗಳು ಇಳಿಯುವುದೇ ಆ ಇಕ್ಕಟ್ಟಿಗೆ. ಮೇಲಿನ ಸಾಲಿನಲ್ಲಿರುವ ‘ಕಾರ್ಮಿಕರ ಸಹಕಾರ ಸಂಘ’ದಲ್ಲಿ ಕೆಳಗಿಳಿಯುವ ಒತ್ತು ಒಂದೂ ಇಲ್ಲ, ಇರುವುದು ಅರ್ಕಾವೊತ್ತು ಮಾತ್ರ, ಅದು ಪಕ್ಕದಲ್ಲಿ ಕೂರುತ್ತದೆ. ಕೆಳಗಿನ ಕಮಾನಿನಲ್ಲಿ ಎಲ್ಲ ತಿರುಗುಮುರುಗು. ‘ಚಿತ್ರ’ದ ರ ಒತ್ತು, ‘ಜಿಲ್ಲೆ’ಯ ಲ ಒತ್ತು ಹೊರವೃತ್ತದ ಕಡೆಗೆ, ವಿಶಾಲ ಜಾಗಕ್ಕೆ ಇಳಿಯುತ್ತವೆ, ತಲೆಕಟ್ಟುಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಅಲ್ಲಿ ಕಲಾವಿದ ತಲೆಕಟ್ಟನ್ನೇ ಮೋಟು ಮಾಡಿದ್ದಾರೆ. ‘ದಾವಣಗೆರೆ’ಯ ಗೆ, ರೆ ಎರಡರ ಎತ್ವವನ್ನೂ ಒಳಕ್ಕೆ ಮಡಚಿ, ಪಕ್ಕದ ಅಕ್ಷರಕ್ಕೆ ತಾಗದಂತೆ ಒಂದು ಕೂದಲೆಳೆಯಷ್ಟು ಬಿಳಿ ಬಿಟ್ಟಿದ್ದಾರೆ. ಎರಡೂ ಕಮಾನಿನಲ್ಲಿ ಬರುವ ರ ಒಂದೇ ಅಕ್ಷರವಾದರೂ ಆಕಾರ ಒಂದೇ ಅಲ್ಲ. ಒಂದು ರ ಬರೆದು ಕಾಪಿ ಮಾಡಿಬಿಡೋಣ ಎಂದು ಹೊರಟಿದ್ದವನು ಇದನ್ನು ನೋಡಿ ನಿಲ್ಲಿಸಿ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಎಳೆದೆ. ತಿರುವು ಎಲ್ಲಿ ತುತ್ತತುದಿ ಮುಟ್ಟುತ್ತದೋ ಅಲ್ಲಿ ಮಾತ್ರ ನೋಡ್, ನಡುವೆ ನೋಡಿನಿಂದ ಹೊರಡುವ ಹಿಡಿಗೆರೆ, ಅಂದರೆ ಹ್ಯಾಂಡಲ್, ಎಳೆದು ಬಾಗಿಸುವುದು. ಹೀಗೆ ಮಾಡಿದರೆ ಬ್ರಷ್ಷಿನ ಓಟ ಉಳಿಯುತ್ತದೆ.

ಚಕ್ರದ ಹಲ್ಲು ಎಣಿಸಿದಾಗ 23 ಬಂತು. ಮೂರೂ ಅಚ್ಚಿನಲ್ಲಿ ಅಷ್ಟೇ. ಒಂದು ಹಲ್ಲು ಮಾಡಿ 15 ಡಿಗ್ರಿಗೊಂದರಂತೆ ತಿರುಗಿಸಿ ಕಾಪಿ ಮಾಡಿದರೆ 24 ಹಲ್ಲಿನ ಚಕ್ರ ಒಂದು ನಿಮಿಷದಲ್ಲಿ ಸಿದ್ಧ. ಮಾಡಿ, ಸ್ಕ್ಯಾನಿನ ಮೇಲಿಟ್ಟು ನೋಡಿದೆ. ಅರ್ಧ ಸುತ್ತು ಹೋಗುವಷ್ಟರಲ್ಲಿ ನನ್ನ ಹಲ್ಲು ಕಲಾವಿದರ ಚಕ್ರದ ಸಂದಿಗೆ ಬಂದು ಕೂತಿತ್ತು. ಅವರ ಹಲ್ಲುಗಳು ಅಗಲದಲ್ಲಿ ಒಂದಕ್ಕೊಂದು ಸಮವಿಲ್ಲ, ಎಡಗಡೆಯ ಎರಡು ಹಲ್ಲು ಎಲೆಯ ತುದಿಗೆ ಜಾಗ ಬಿಟ್ಟು ತುಸು ಕಿರಿದಾಗಿವೆ. ಇದು ಶಾಯಿಯಲ್ಲ, ಕೈ. 24ರ ಚಕ್ರ ಅಳಿಸಿ 23 ಹಲ್ಲನ್ನೂ ಅದರದರ ಅಗಲದಲ್ಲೇ ಎಳೆದೆ. ಒಟ್ಟು 400ರ ಸುಮಾರು ನೋಡ್ ಆಯಿತು.

ಈ ನೋಡಿನ ಲೆಕ್ಕ ಬರೀ ಶಿಸ್ತಿನ ಮಾತಲ್ಲ. ನಾನು ಕೈಯಲ್ಲಿ ಎಳೆಯುವ ಮುಂಚೆಯೇ ಒಂದು ಅಂಗಡಿಯಲ್ಲಿ ಟ್ರೇಸ್ ಫೈಲಿನಿಂದ ವಿನೈಲ್ ಸ್ಟಿಕ್ಕರ್ ಕತ್ತರಿಸಿ ಕೊಟ್ಟಿದ್ದರು. ಫೈಲಿನ ಗೆರೆ ಹಿಡಿದು ಕತ್ತರಿಸುವ ಯಂತ್ರದ, ಅಂದರೆ ಪ್ಲಾಟರಿನ, ಬ್ಲೇಡು ನೋಡ್ ನೋಡಿಗೂ ತಡವರಿಸಿ ವೃತ್ತದ ಅಂಚು ಗರಗಸದ ಹಾಗಾಗಿತ್ತು, ಸೊನ್ನೆ ಮುಚ್ಚಿಹೋಗಿತ್ತು. ದುಡ್ಡು ಹೋಯಿತು ಅನ್ನುವುದಕ್ಕಿಂತ, ಸಂಘದ ಹೆಸರೇ ತಪ್ಪಾಗಿ ಬಾಗಿಲ ಮೇಲೆ ಕೂತಿತ್ತಲ್ಲ ಎಂಬ ಬೇಸರ ದೊಡ್ಡದು. ಅದೇ ಪ್ಲಾಟರಿಗೆ ಕೈಯಲ್ಲಿ ಎಳೆದ ಫೈಲ್ ಕೊಟ್ಟಾಗ ವೃತ್ತವನ್ನು ಒಂದೇ ಉಸಿರಿನಲ್ಲಿ ಸುತ್ತಿ ಬಂತು. ಫ್ಲೆಕ್ಸಿಗಾದರೆ ನೋಡಿನ ಗೊಡವೆ ಇಲ್ಲ, ದೂರದಿಂದ ನೋಡುವ ಒಂದು ದಿನದ ಬ್ಯಾನರಿಗೆ ಬ್ಲರ್ ಕೊಟ್ಟು ಹೊಡೆದ ಇಂಕ್‌ಸ್ಕೇಪ್ ಟ್ರೇಸ್ ಧಾರಾಳ ಸಾಕು, ಸೊನ್ನೆಯೊಂದನ್ನು ಕೈಯಲ್ಲಿ ತಿದ್ದಿಕೊಳ್ಳಿ. ಕತ್ತರಿಸುವುದು, ಕೊರೆಯುವುದು, ರಬ್ಬರ್ ಸ್ಟಾಂಪು ಇದ್ದರೆ ಕೈಯಲ್ಲಿ ಎಳೆದದ್ದೇ ಬೇಕು.

ಕೊನೆಗೆ ಎರಡು ಫೈಲ್ ಮಾಡಿದೆ. ಸ್ಟಾಂಪಿಗೆ ಮತ್ತು ಲೆಟರ್‌ಹೆಡ್ಡಿಗೆ ಈಗಿನ ವಿಳಾಸವೇ ಇರಬೇಕು, ಅದರಲ್ಲಿ ಕೆಳಗಿನ ಕಮಾನು ‘ದಾವಣಗೆರೆ ಜಿಲ್ಲೆ’. ಹೊಸದಾಗಿ ಒಂದಕ್ಷರವೂ ಬರೆಯಬೇಕಾಗಲಿಲ್ಲ, ಎಲ್ಲವೂ ಆ ಕಲಾವಿದರ ಸಾಲಿನಲ್ಲೇ ಇದ್ದವು, ತಿರುಗಿಸಿ ಅಂತರ ಹೊಂದಿಸಿದೆ. ಗೋಡೆಯ ಬೋರ್ಡಿಗೆ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಹಾಗೆಯೇ ಉಳಿಯಲಿ ಎಂದು ಸಂಘದ ಹಿರಿಯರು ಹೇಳಿದರು. ಅದನ್ನು ಎಸ್‌ವಿಜಿ, ಪಿಡಿಎಫ್ ಎರಡರಲ್ಲೂ ಉಳಿಸಿ, ಮೂರು ಹಳೇ ಅಚ್ಚಿನ ಸ್ಕ್ಯಾನುಗಳನ್ನೂ ಅದೇ ಪೆನ್‌ಡ್ರೈವಿಗೆ ಹಾಕಿ ಸಂಘದ ಬೀರುವಿನಲ್ಲಿ ರಸೀದಿ ಪುಸ್ತಕದ ಜೊತೆಗೇ ಇಟ್ಟು ಬಂದೆ.