ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಒಂದು ದಿನ: ಬೆಂಜ್ ಮ್ಯೂಸಿಯಂ ಮೇಲೋ, ಪೋರ್ಷೆ ಮ್ಯೂಸಿಯಂ ಮೇಲೋ?

ನಮ್ಮದು ಎರಡನ್ನೂ ಒಂದೇ ದಿನ ನೋಡಿದ ಸಂಸಾರ. ಕಾರೆಂದರೆ ಪ್ರಾಣ ಬಿಡುವ ಅಪ್ಪ-ಮಗ, ಮಂಡಿನೋವಿನ ಅತ್ತೆ, ಮತ್ತೆ ಕಾರಿಗೆ ನಾಲ್ಕು ಚಕ್ರ ಇರುತ್ತದೆ ಅನ್ನುವುದಷ್ಟೇ ಗೊತ್ತಿರುವ ನಾನು. ಬೆಂಜ್ ಮ್ಯೂಸಿಯಂನಲ್ಲಿ ಅದೂ ಸುಳ್ಳಾಯಿತು. 1886ರ ಕಾರ್ಲ್ ಬೆಂಜ್ ಗಾಡಿಗೆ ಇರುವುದು ಮೂರೇ ಚಕ್ರ!

ಬೆಂಜ್‌ನಲ್ಲಿ ಮೊದಲು ಲಿಫ್ಟ್‌ನಲ್ಲಿ ತುದಿಗೆ ಹೋಗಬೇಕು, ಆಮೇಲೆ ಸುತ್ತುತ್ತಾ ಇಳಿಜಾರಿನಲ್ಲಿ ಕೆಳಗೆ ಬರಬೇಕು. ಹತ್ತುವ ಕಷ್ಟವಿಲ್ಲದ್ದರಿಂದ ಅತ್ತೆಗೆ ಆರಾಮಾಯಿತು. ಮೇಲೆ ಕಾಲಿಟ್ಟರೆ ಎದುರಿಗೆ ಕಾರಿಲ್ಲ, ಒಂದು ಬಿಳಿ ಕುದುರೆ ನಿಂತಿದೆ! ಕಾರೆಲ್ಲ ನಾಲ್ಕು ದಿನದ ಆಟ, ನನಗೆ ಕುದುರೆಯೇ ಸರಿ ಅಂತ ಜರ್ಮನಿಯ ಚಕ್ರವರ್ತಿ ಕೈಸರ್ ಎರಡನೇ ವಿಲ್‌ಹೆಲ್ಮ್ ಹೇಳಿದ್ದನಂತೆ. ಅಲ್ಲಿಂದ ಶುರುವಾಗಿ ಯುದ್ಧ, ಬಡತನ, ಸಿರಿತನ ಎಲ್ಲದರ ನಡುವೆ ಕಾರಿನ ಕಥೆ ಸಾಗುತ್ತದೆ. ಡಯಾನಾ ಓಡಿಸಿದ ಕೆಂಪು ಕಾರಿದೆ, ಪೋಪ್ ನಿಂತು ಕೈಬೀಸುತ್ತಿದ್ದ ಗಾಡಿಯಿದೆ. ಕಾರು ಗೊತ್ತಿಲ್ಲದವರಿಗೂ ನೋಡಲು ಏನಾದರೊಂದು ಸಿಗುತ್ತದೆ.

ಅತ್ತೆ ಮಾತ್ರ ಆ ಮೂರು ಚಕ್ರದ ಗಾಡಿಯ ಕಥೆ ಬಿಟ್ಟು ಕದಲಲಿಲ್ಲ. 1888ರಲ್ಲಿ ಬೆಂಜ್‌ನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟುಬಿಟ್ಟಳು. ದಾರಿ ನೂರು ಕಿಲೋಮೀಟರಿಗೂ ಜಾಸ್ತಿ. ಇಂಧನ ತೀರಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಸರಿಮಾಡಿದಳು. "ತವರಿಗೆ ಹೋಗೋದು ಅಂದ್ರೆ ಹಾಗೇ ಕಣೇ" ಅಂದರು ಅತ್ತೆ.

ಪೋರ್ಷೆ ಮ್ಯೂಸಿಯಂ ಚಿಕ್ಕದು, ಹೊಸದು, 2009ರದ್ದು. ಮೂರೇ ಕಂಬಗಳ ಮೇಲೆ ಇಡೀ ಕಟ್ಟಡ ತೇಲುವಂತೆ ಕಾಣುತ್ತದೆ. ಒಳಗೆ ಎಲ್ಲವೂ ಬಿಳಿ, ಕಾರುಗಳದ್ದೇ ಬಣ್ಣ. ಕಥೆ ಕಡಿಮೆ, ಯಂತ್ರ ಜಾಸ್ತಿ. ನನಗೆ ಅರ್ಧಕ್ಕೇ ಬೇಸರ ಬಂತು, ಎಲ್ಲಾ ಕಾರೂ ಒಂದೇ ಥರ ಕಂಡವು. ಮಗನ ಮುಂದೆ ಹಾಗಂದರೆ ಮುಗೀತು ನಮ್ಮ ಕಥೆ. ಆದರೆ ಚಾವಣಿಗೆ ತಲೆಕೆಳಗಾಗಿ ಅಂಟಿಸಿರುವ 956 ಎಂಬ ರೇಸ್ ಕಾರಿನ ಕೆಳಗೆ ನಾನೂ ನಿಂತೆ. ಗಂಟೆಗೆ 300 ಕಿಲೋಮೀಟರ್ ದಾಟಿದರೆ ಗಾಳಿಯ ಒತ್ತಡವೇ ಅದನ್ನು ಚಾವಣಿಗೆ ಹಿಡಿದಿಡಬಲ್ಲದಂತೆ. ಗಾಜಿನಾಚೆ ಹಳೇ ಕಾರು ರಿಪೇರಿ ಮಾಡುವ ಗ್ಯಾರೇಜೂ ಕಾಣುತ್ತದೆ. ನಮ್ಮವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಓಡಾಟಕ್ಕೆ ಪೋರ್ಷೆಯೇ ಸಲೀಸು, ನೊಯ್‌ವಿರ್ಟ್ಸ್‌ಹೌಸ್ ಸ್ಟೇಷನ್ನಿನ ಎದುರಿಗೇ ಇದೆ. ಬೆಂಜ್‌ಗೆ ನೆಕ್ಕರ್‌ಪಾರ್ಕ್‌ನಲ್ಲಿ ಇಳಿದು ಸ್ವಲ್ಪ ನಡೆಯಬೇಕು. ಐದು ಜನರವರೆಗೆ ರೈಲಿನ ಒಂದೇ ಗ್ರೂಪ್ ಟಿಕೆಟ್‌ನಲ್ಲಿ ದಿನವಿಡೀ ಸುತ್ತಬಹುದು.

ನಡುವೆ ಊರು ನೋಡಲು ಅರಮನೆ ಮುಂದಿನ ಚೌಕ ಶ್ಲೋಸ್‌ಪ್ಲಾಟ್ಸ್‌ನ ಹುಲ್ಲುಹಾಸು ಸಾಕು. ಸಸ್ಯಾಹಾರಿಗಳಿಗೆ ಚೀಸ್ ಹಾಕಿದ ಶ್ಪೆಟ್ಸ್‌ಲೆ (ಅಲ್ಲಿನ ನೂಡಲ್ಸ್) ಸಿಗುತ್ತದೆ. ಇನ್ನೂ ಹೊತ್ತಿದ್ದರೆ ಮಾರಿಯನ್‌ಪ್ಲಾಟ್ಸ್‌ನಿಂದ ಗುಡ್ಡ ಹತ್ತುವ ಹಲ್ಲುಹಳಿಯ ರೈಲು ಹಿಡಿಯಿರಿ. 1884ರಿಂದ ಇದೆ.

ಒಂದೇ ಮ್ಯೂಸಿಯಂ ಆರಿಸಿಕೊಳ್ಳುವುದಾದರೆ, ಮನೆಮಂದಿಯೆಲ್ಲ ಇದ್ದಾಗ ಬೆಂಜ್. ಕಾರಿನ ಹುಚ್ಚಿರುವವರಷ್ಟೇ ಹೊರಟಿದ್ದರೆ, ಅಥವಾ ಕೈಯಲ್ಲಿ ಎರಡು ಗಂಟೆ ಮಾತ್ರ ಇದ್ದರೆ ಪೋರ್ಷೆ. ಎರಡೂ ಬೇಕೆಂದರೆ ಬೆಳಿಗ್ಗೆ ಬೆಂಜ್‌ಗೇ ಹೋಗಿ, ಅಲ್ಲಿ ಅರ್ಧ ದಿನ ಹೇಗೆ ಕಳೆಯಿತೋ ಗೊತ್ತಾಗುವುದಿಲ್ಲ. ಸೋಮವಾರ ಮಾತ್ರ ಬೇಡ, ಎರಡಕ್ಕೂ ರಜೆ.