ಲೇಯರ್ ಬಿಟ್ಟು ನೋಡ್‌ಗೆ: ಫ್ಯೂಷನ್ ಕೊಂಡ ಮೇಲೆ

ವರ್ಷ ವರ್ಷ ಚಂದಾ ಕಟ್ಟಿ, ಲೇಯರ್‌ಗಳನ್ನು ಒಂದರ ಮೇಲೊಂದು ಪೇರಿಸುವ ತಂತ್ರಾಂಶದಲ್ಲೇ ನಾನು ಆರು ವರ್ಷ ಕಾಂಪೋಸಿಟಿಂಗ್ (ಬೇರೆ ಬೇರೆ ಚಿತ್ರಗಳನ್ನು ಒಂದೇ ದೃಶ್ಯವಾಗಿ ಬೆಸೆಯುವ ಕೆಲಸ) ಮಾಡಿದ್ದೇನೆ. ಕಳೆದ ವರ್ಷ ಅದನ್ನು ಬಿಟ್ಟು, ಕೆಲಸದ ಪ್ರತಿ ಹಂತವನ್ನೂ ನೋಡ್ ಎಂಬ ಪೆಟ್ಟಿಗೆಯಾಗಿ ಇಟ್ಟು ಎಳೆಗಳಿಂದ ಜೋಡಿಸುವ ಫ್ಯೂಷನ್ ಸ್ಟುಡಿಯೊ ಕೊಂಡೆ. ಕೊಳ್ಳುವ ಮುನ್ನ, ಇದೇ ಬಗೆಯ ಇನ್ನೊಂದು ತಂತ್ರಾಂಶವಾದ ನ್ಯೂಕ್‌ನ ಉಚಿತ ಆವೃತ್ತಿಯಲ್ಲಿ ಎರಡು ತಿಂಗಳು ಅಭ್ಯಾಸ ಮಾಡಿದೆ. ಮನೆಯಲ್ಲಿ ಒಬ್ಬರೇ ಕೂತು ಕೆಲಸ ಮಾಡುವವರು ಕೇಳಿದರೆ ನಾನು ಹೇಳುವುದು ಫ್ಯೂಷನ್ ಎಂದೇ.

ಈ ಬದಲಾವಣೆಗೆ ಕಾರಣ ಒಂದು ಕಪ್ಪು ಗೆರೆ. ಹಸಿರು ಪರದೆಯ ಮುಂದೆ ಚಿತ್ರೀಕರಿಸಿದ ಯಕ್ಷಗಾನ ವೇಷವೊಂದನ್ನು ಬೇರೆ ಹಿನ್ನೆಲೆಗೆ ಕೂರಿಸಬೇಕಿತ್ತು. ಕಿರೀಟದ ಅಂಚಿನ ಬೇಗಡೆಯಲ್ಲಿ ಪರದೆಯ ಹಸಿರು ಮಿನುಗುತ್ತಿದ್ದುದರಿಂದ ಕೀಯಿಂಗ್ ಅನ್ನು (ಹಸಿರನ್ನು ತೆಗೆದುಹಾಕುವ ಕೆಲಸ) ತುಂಡು ತುಂಡಾಗಿ ಮಾಡಿ, ಪ್ರತಿ ತುಂಡನ್ನೂ ಪ್ರೀಕಾಂಪ್ (ಲೇಯರ್‌ಗಳನ್ನು ಒಟ್ಟಾಗಿ ಕಟ್ಟಿಡುವ ಗಂಟು) ಒಳಗೆ ಇಟ್ಟಿದ್ದೆ. ಎಲ್ಲವೂ ಮುಗಿದ ಮೇಲೆ ನೋಡಿದರೆ, ಎಡ ಭುಜದ ಸುತ್ತ ಕೂದಲೆಳೆಯಷ್ಟು ದಪ್ಪದ ಕಪ್ಪು ಅಂಚು. ಪ್ರೀಕಾಂಪ್ ಒಳಗೊಂದು ಪ್ರೀಕಾಂಪ್ ತೆರೆದು, ಮುಚ್ಚಿ, ಮತ್ತೆ ತೆರೆದು ಹುಡುಕುವುದರಲ್ಲೇ ಎರಡು ರಾತ್ರಿ ಕಳೆದವು.

ತಪ್ಪು ನನ್ನದೇ. ನಡುವೆ ರೆಂಡರ್ ಮಾಡಿಟ್ಟ ಒಂದು ತುಂಡಿನಲ್ಲಿ ಬಣ್ಣವು ಆಗಲೇ ಆಲ್ಫಾದಿಂದ (ಪ್ರತಿ ಪಿಕ್ಸೆಲ್ ಎಷ್ಟು ಅಪಾರದರ್ಶಕ ಎಂದು ಹೇಳುವ ಅಂಕಿ) ಗುಣಿಸಲ್ಪಟ್ಟು ಕಪ್ಪಿನೊಂದಿಗೆ ಬೆರೆತಿತ್ತು. ಅದನ್ನು ಮತ್ತೆ ಒಳಗೆ ತರುವಾಗ ಗುಣಿಸದ ಚಿತ್ರವೆಂದು ಗುರುತು ಹಾಕಿದ್ದೆ. ಹೀಗಾದಾಗ ಅರೆಪಾರದರ್ಶಕ ಅಂಚಿನ ಪಿಕ್ಸೆಲ್‌ಗಳು ಎರಡನೆಯ ಸಲ ಗುಣಿಸಲ್ಪಟ್ಟು ಇನ್ನಷ್ಟು ಕಪ್ಪಾಗುತ್ತವೆ. ತಪ್ಪು ಸಣ್ಣದು, ಆದರೆ ಅದು ಎಲ್ಲಿದೆ ಎಂದು ಕಾಣುವ ದಾರಿ ನನಗಿರಲಿಲ್ಲ.

ಅದೇ ಶಾಟನ್ನು ಫ್ಯೂಷನ್‌ನಲ್ಲಿ ಮೊದಲಿನಿಂದ ಕಟ್ಟಿದಾಗ, ಬೇಕೆಂದೇ ಅದೇ ತಪ್ಪನ್ನು ಮಾಡಿ ನೋಡಿದೆ. ಕೊನೆಯ ನೋಡ್‌ನಿಂದ ಹಿಂದಕ್ಕೆ ಒಂದೊಂದನ್ನೇ ಆರಿಸಿ ಕೀಬೋರ್ಡಿನ 1 ಒತ್ತುತ್ತಾ ಬಂದರೆ, ಆ ಹಂತದ ಚಿತ್ರ ಕಣ್ಣೆದುರು ಬರುತ್ತದೆ. ಗೆರೆ ಎಲ್ಲಿ ಹುಟ್ಟಿತೆಂದು ಐದನೆಯ ನೋಡ್‌ನಲ್ಲಿ ಸಿಕ್ಕಿಬಿಟ್ಟಿತು. ಬಣ್ಣ ತಿದ್ದುವ ನೋಡ್‌ನಲ್ಲಿ ಆಲ್ಫಾದಿಂದ ಭಾಗಿಸಿ, ತಿದ್ದಿ, ಮರಳಿ ಗುಣಿಸಲು ಒಂದೇ ಟಿಕ್ ಗುರುತು ಸಾಕು.

ಈ ಅನುಕೂಲ ನ್ಯೂಕ್‌ನಲ್ಲೂ ಇದೆ. ಹಲವು ಚಾನೆಲ್‌ಗಳಿರುವ (ಬಣ್ಣ, ಆಳದಂಥ ಮಾಹಿತಿಯನ್ನು ಬೇರೆ ಬೇರೆಯಾಗಿ ಹೊತ್ತ) ಇಎಕ್ಸ್‌ಆರ್ ಎಂಬ ಚಿತ್ರ ಕಡತವನ್ನು ಒಂದೇ ಎಳೆಯಲ್ಲಿ ಸಾಗಿಸುವುದರಲ್ಲಿ ಅದರ ಕೈಯೇ ಮೇಲು, ಮತ್ತು ದೊಡ್ಡ ಸ್ಟುಡಿಯೊದಲ್ಲಿ ಕೆಲಸ ಹುಡುಕುವವರು ಅದನ್ನೇ ಕಲಿಯಬೇಕು. ಆದರೆ ಅದರ ಉಚಿತ ಆವೃತ್ತಿಯಲ್ಲಿ ಹಣ ಪಡೆದು ಕೆಲಸ ಮಾಡುವಂತಿಲ್ಲ, ಚಿತ್ರವೂ 1920×1080ಕ್ಕಿಂತ ದೊಡ್ಡದಾಗಿ ಹೊರಬರುವುದಿಲ್ಲ. ಸಣ್ಣ ಆದಾಯದವರಿಗೆಂದೇ ಇರುವ ಇಂಡೀ ಆವೃತ್ತಿಗೂ ವರ್ಷ ವರ್ಷ ಹಣ ಕಟ್ಟಬೇಕು.

ಅಕ್ಷರಗಳು ಹಾರಿಬರುವ ಟೈಟಲ್ ಕೆಲಸಕ್ಕೆ ಮಾತ್ರ ಲೇಯರ್ ಪದ್ಧತಿಯೇ ಬೇಗ.

ನನಗೆ ತಿಂಗಳಿಗೆ ಎರಡು ಮೂರು ಶಾಟ್‌ಗಳ ಕೆಲಸ ಬರುತ್ತದೆ, ಕೆಲವು ತಿಂಗಳು ಅದೂ ಇರುವುದಿಲ್ಲ. ಹಾಗಾಗಿ ಒಮ್ಮೆ ಹಣ ಕೊಟ್ಟರೆ ಮುಗಿಯುವ ಫ್ಯೂಷನ್ ನನಗೆ ಸರಿಹೋಯಿತು. ಕೊಳ್ಳುವ ಮುನ್ನ ನೋಡಬೇಕೆನ್ನುವವರು ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಸಂಕಲನ ತಂತ್ರಾಂಶದ ಉಚಿತ ಆವೃತ್ತಿಯನ್ನು ಹಾಕಿಕೊಳ್ಳಲಿ. 2018ರಲ್ಲಿ ಬಂದ 15ನೆಯ ಆವೃತ್ತಿಯಿಂದ ಅದರೊಳಗೆ ಫ್ಯೂಷನ್ ಪುಟವಿದೆ. ನಾನು ಆ ಕಿರೀಟದ ಶಾಟನ್ನು ಮೊದಲು ಕಟ್ಟಿ ನೋಡಿದ್ದು ಅದರಲ್ಲೇ.